ಕಲ್ಲಿನ ಮೇಲೆ ಕತ್ತಿ

ಪ್ರೀತಿಯ ಮೊಮ್ಮಕ್ಕಳೇ, ಈ ಪುಟವನ್ನು ಅವರಿಗೆ ಓದಿ ಹೇಳುವ ಅಜ್ಜ-ಅಜ್ಜಿಯರೇ,

ಈ ವಾರ ನನ್ನದೇ ಒಂದು ತಪ್ಪಿನಿಂದ ಸುರು ಮಾಡುತ್ತೇನೆ. ದೊಡ್ಡವರು ತಪ್ಪು ಮಾಡುವುದಿಲ್ಲ ಎಂದು ನೀವು ತಿಳಿದಿದ್ದರೆ, ಅದನ್ನು ಇವತ್ತೇ ಮರೆತುಬಿಡಿ.

ನಾನು ಬ್ಯಾಂಕಿನಲ್ಲಿ 36 ವರ್ಷ ಕ್ಲಾರ್ಕ್ ಆಗಿದ್ದವ. ಕೆಲಸಕ್ಕೆ ಸೇರಿದ ದಿನ ಹಿರಿಯರೊಬ್ಬರು ಹೇಳಿದ ಮೊದಲ ಮಾತು, ‘ವೋಚರ್ ಓದದೆ ಸಹಿ ಹಾಕಬೇಡ’ ಎಂದು. ಆಮೇಲೆ ಹೊಸದಾಗಿ ಬಂದ ಹುಡುಗರಿಗೆಲ್ಲ ನಾನೂ ಅದನ್ನೇ ಹೇಳಿಕೊಟ್ಟೆ. ಅಷ್ಟು ವರ್ಷದಲ್ಲಿ ಒಮ್ಮೆಯೂ ಆ ನಿಯಮ ಮುರಿಯಲಿಲ್ಲ. ನಿವೃತ್ತನಾದ ಮೇಲೆ, ಚೆಂಡಿಯಾದ ನಮ್ಮ ಮನೆಯ ಜಗಲಿಯಲ್ಲಿ ಕೂತು ಚಹಾ ಕುಡಿಯುತ್ತ ಮುರಿದೆ.

ನಡೆದದ್ದು ಇಷ್ಟು. ನಮ್ಮ ಹಳೆಯ ಸಹೋದ್ಯೋಗಿಗಳದ್ದು ಒಂದು ವಾಟ್ಸಾಪ್ ಗುಂಪಿದೆ. ಒಂದು ದಿನ ಬೆಳಿಗ್ಗೆ ಯಾರೋ ಒಂದು ಫೋಟೋ ಹಾಕಿದ್ದರು. ಹಳದಿ ಬಣ್ಣದ ಕಲ್ಲಿನ ಗೋರಿ. ಅದರ ಮೇಲೆ ಕತ್ತಿ, ಗುರಾಣಿ, ಬಿಲ್ಲು, ಕುದುರೆ ಏರಿದ ಸವಾರ. ಕೆಳಗೆ ಒಂದು ಸಾಲು ಬರೆದಿತ್ತು. ಸತ್ತ ಮೇಲೂ ಕತ್ತಿ ಬಿಡದ ಜನ ಇವರು, ಇವರನ್ನು ನಂಬಬೇಡಿ ಎಂಬ ಅರ್ಥದ್ದು. ನಾನು ಕನ್ನಡಕ ಹಾಕಿಕೊಂಡಿರಲಿಲ್ಲ. ಕೆತ್ತನೆ ಚಂದ ಕಂಡಿತು. ಹೆಬ್ಬೆಟ್ಟಿನ ಚಿತ್ರ ಒತ್ತಿಬಿಟ್ಟೆ. ಚಹಾ ಮುಗಿಸಿ ತೆಂಗಿನ ಮರಕ್ಕೆ ನೀರು ಬಿಡಲು ಹೋದೆ.

ಅದೇ ಗುಂಪಿನಲ್ಲಿ ನಮ್ಮ ಸಾಹೇಬರೂ ಇದ್ದಾರೆ. ಸಾಹೇಬರು ಎಂದರೆ ನಮ್ಮ ಶಾಖೆಯಲ್ಲಿ ಕ್ಯಾಶಿಯರ್ ಆಗಿದ್ದವರು, ಮುಸ್ಲಿಮರು, ನನಗಿಂತ ಎರಡು ವರ್ಷ ದೊಡ್ಡವರು. ಹನ್ನೊಂದು ವರ್ಷ ನನ್ನ ಪಕ್ಕದ ಕೌಂಟರಿನಲ್ಲಿ ಕೂತವರು. ಸಂಜೆ ಲೆಕ್ಕ ಟ್ಯಾಲಿ ಆಗದ ದಿನ, ಐದು ಪೈಸೆ ವ್ಯತ್ಯಾಸ ಹುಡುಕಲು ನನ್ನ ಜೊತೆ ರಾತ್ರಿ ಎಂಟರವರೆಗೆ ಕೂತವರು. ಈಗಲೂ ಪ್ರತಿ ಭಾನುವಾರ ಸಂಜೆ ಕಾರವಾರದ ಕಡಲತೀರದಲ್ಲಿ ನಾವಿಬ್ಬರೂ ಒಂದು ಸುತ್ತು ನಡೆದು ಬರುತ್ತೇವೆ. ಆ ಭಾನುವಾರ ಅವರು ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ಫೋನ್ ಮಾಡಿದರೆ ಕಾಲು ನೋವು ಎಂದರು.

ಏಳನೇ ತರಗತಿಯ ನನ್ನ ಮೊಮ್ಮಗ ರಜೆಗೆ ಬಂದಿದ್ದ. ನನ್ನ ಫೋನು ಅವನ ಕೈಯಲ್ಲೇ ಇರುತ್ತದೆ. ‘ಅಜ್ಜ, ಈ ಫೋಟೋಕ್ಕೆ ಹೆಬ್ಬೆಟ್ಟು ಒತ್ತಿದವರು ನೀವೇ ಅಲ್ವಾ?’ ಎಂದು ಕೇಳಿದ.

ಕನ್ನಡಕ ಹಾಕಿಕೊಂಡು ಓದಿದೆ. ಬಾಯಲ್ಲಿದ್ದ ಎಲೆ-ಅಡಿಕೆ ಕಹಿಯಾಯಿತು.

‘ಆದ್ರೆ ಅಜ್ಜ, ನಮ್ಮ ಪಾಠದಲ್ಲಿ ವೀರಗಲ್ಲಿನ ಚಿತ್ರ ಇದೆ. ಅದ್ರಲ್ಲೂ ಕತ್ತಿ ಇದೆ. ಅದಕ್ಕೆ ಯಾರೂ ಹೀಗೆ ಬರೀಲಿಲ್ವಲ್ಲ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಬಿ.ಕಾಂ. ಓದಿದವ, ಇತಿಹಾಸದ ಪಂಡಿತನಲ್ಲ. ಆದರೆ ವೋಚರ್ ನೋಡದೆ ಪಾಸು ಮಾಡಿದವ ನಾನೇ, ಅದನ್ನು ಈಗಲಾದರೂ ತಪಾಸಣೆ ಮಾಡಬೇಕಾದವನೂ ನಾನೇ. ಅಜ್ಜ-ಮೊಮ್ಮಗ ಇಬ್ಬರೂ ಸೇರಿ ಹುಡುಕಲು ಕೂತೆವು. ಈಗಿನ ಫೋನಿಗೆ ಫೋಟೋ ಕೊಟ್ಟರೆ ಅದು ಯಾವ ಊರಿನದು ಎಂದು ಅದೇ ಹುಡುಕುತ್ತದಂತೆ. ಉಳಿದದ್ದನ್ನು ವಾಚನಾಲಯದ ಪುಸ್ತಕಗಳಲ್ಲಿ ಓದಿದೆವು.

ಆ ಗೋರಿ ಇರುವುದು ಚೌಖಂಡಿಯಲ್ಲಿ. ಪಾಕಿಸ್ತಾನದ ಕರಾಚಿಯಿಂದ ಪೂರ್ವಕ್ಕೆ ಸುಮಾರು 29 ಕಿ.ಮೀ. ದೂರ. ಕರಾಚಿ ಎಂದೊಡನೆ ಬೇರೆ ಲೋಕ ಎಂದುಕೊಳ್ಳಬೇಡಿ. ನನ್ನ ತಂದೆ ಶಾಲೆಗೆ ಹೋಗುವ ಹುಡುಗನಾಗಿದ್ದಾಗ ಕಾರವಾರವೂ ಕರಾಚಿಯೂ ಒಂದೇ ಮುಂಬೈ ಪ್ರಾಂತ್ಯದಲ್ಲಿದ್ದವು. ನಮ್ಮ ಜಿಲ್ಲೆ 1862ರಲ್ಲಿ ಮುಂಬೈಗೆ ಸೇರಿತು. ಸಿಂಧ್ ಅದರಿಂದ ಬೇರೆಯಾದದ್ದು 1936ರಲ್ಲಿ. ಎರಡೂ ಊರಿಗೆ ಒಬ್ಬರೇ ಗವರ್ನರ್, ಎರಡೂ ಊರಿನ ಬಂದರಿಗೆ ಒಂದೇ ಅರಬ್ಬಿ ಸಮುದ್ರ.

ಚೌಖಂಡಿಯ ಗೋರಿಗಳನ್ನು 15ರಿಂದ 18ನೇ ಶತಮಾನದ ನಡುವೆ ಕಟ್ಟಿದರು. ಜೋಖಿಯೋ ಮತ್ತು ಬಲೂಚಿ ಬುಡಕಟ್ಟಿನವರು ಅಲ್ಲಿ ಮಲಗಿದ್ದಾರೆ. ಹಳದಿ ಮರಳುಗಲ್ಲಿನ ಚಪ್ಪಡಿಗಳನ್ನು ಒಂದರ ಮೇಲೊಂದು ಇಟ್ಟಿದ್ದಾರೆ. ಕೆಳಗೆ ಅಗಲ, ಮೇಲೆ ಹೋದಂತೆ ಕಿರಿದು. ಚಪ್ಪಡಿಯ ತುಂಬ ಹೂವು, ಚಕ್ರ, ಚೌಕಗಳ ಕೆತ್ತನೆ. ಮರಗೆಲಸದವರು ಬಾಗಿಲಿಗೆ ಮಾಡುವ ಹಾಗೆ ಕಲ್ಲಿಗೆ ಮಾಡಿದ್ದಾರೆ. ಗಂಡಸಿನ ಗೋರಿಯಾದರೆ ತಲೆಯ ಕಡೆ ಕಲ್ಲಿನದೇ ಮುಂಡಾಸು. ಹೋರಾಡಿದವನದಾದರೆ ಕತ್ತಿ, ಗುರಾಣಿ, ಬಿಲ್ಲು-ಬಾಣ, ಕುದುರೆ. ಹೆಂಗಸಿನ ಗೋರಿಯಾದರೆ ಬಳೆ, ಕಂಠಾಭರಣ, ಕಿವಿಯೋಲೆ, ಕಾಲ್ಗಡಗ.

‘ಬಳೆ ಕೂಡಾ ಇದೆಯಾ! ಫೋಟೋ ಹಾಕಿದವರು ಬಳೆಯ ಗೋರಿ ಯಾಕೆ ಹಾಕಲಿಲ್ಲ?’ ಎಂದ ಮೊಮ್ಮಗ.

ಒಳ್ಳೆಯ ಪ್ರಶ್ನೆ. ಲೆಕ್ಕದ ಪುಸ್ತಕದಲ್ಲಿ ಒಂದೇ ಪುಟ ತೋರಿಸಿ, ಉಳಿದ ಪುಟ ಮುಚ್ಚಿಡುವವನ ಮೇಲೆ ಬ್ಯಾಂಕಿನವರಿಗೆ ಮೊದಲು ಸಂಶಯ ಬರುತ್ತದೆ. ನನಗೆ ಬರಬೇಕಿತ್ತು, ಬರಲಿಲ್ಲ.

ಈಗ ನಮ್ಮ ಕಡೆಯ ಕಲ್ಲಿಗೆ ಬರೋಣ. ವೀರಗಲ್ಲು ನಿಮಗೆಲ್ಲ ಗೊತ್ತು. ಊರಿನ ದನ ಹೊಡೆದುಕೊಂಡು ಹೋಗುವವರ ಜೊತೆ ಹೋರಾಡಿ ಸತ್ತವನಿಗೆ, ಯುದ್ಧದಲ್ಲಿ ಬಿದ್ದವನಿಗೆ, ಊರು ಉಳಿಸಿದವನಿಗೆ ನಿಲ್ಲಿಸಿದ ಕಲ್ಲು. ಸಾಮಾನ್ಯವಾಗಿ ಮೂರು ಅಂಕಣ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಹೋರಾಟ, ಅಲ್ಲಿ ಕತ್ತಿ, ಗುರಾಣಿ, ಬಿಲ್ಲು, ಕುದುರೆ. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಅವನು ದೇವರ ಎದುರು ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವರಿರುವ ತನಕ ಇವನ ಹೆಸರಿರಲಿ ಎಂದು. ನಮ್ಮ ಜಿಲ್ಲೆಯ ಬನವಾಸಿಗೆ ಹೋದರೆ ಮಧುಕೇಶ್ವರ ದೇವಾಲಯದ ಆವರಣದಲ್ಲಿ ಇಂಥ ಕಲ್ಲುಗಳನ್ನು ನೋಡಬಹುದು.

ವೀರ ಮನುಷ್ಯನೇ ಆಗಬೇಕೆಂದಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ಕಲ್ಲಿತ್ತು. ಈಗ ಅದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು 949-50ನೇ ಇಸವಿಯದು. ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ ಮಣಲೇರ ಎಂಬ ಸೇನಾನಿಗೆ ಗಂಗರ ರಾಜ ಬೂತುಗ ‘ಏನು ಬೇಕು, ಕೇಳು’ ಎಂದನಂತೆ. ಮಣಲೇರ ಕೇಳಿದ್ದು ಹೊನ್ನನ್ನಲ್ಲ. ರಾಜನ ಬೇಟೆನಾಯಿ ‘ಕಾಳಿ’ಯನ್ನು ಕೇಳಿದ. ಮುಂದೆ ಆ ನಾಯಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಎರಗಿತು. ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಆ ಕಲ್ಲಿನ ಮೇಲೆ ಕತ್ತಿಯಿಲ್ಲ. ನಾಯಿ ಮತ್ತು ಹಂದಿ ಮುಖಾಮುಖಿ ನಿಂತಿವೆ. ನಾಯಿಯ ಆಯುಧ ಅದರ ಹಲ್ಲು ತಾನೆ?

ಚೌಖಂಡಿಯ ಬಳೆಯ ಗೋರಿ ನೋಡಿದಾಗ ನನಗೆ ನಮ್ಮ ಮಾಸ್ತಿಕಲ್ಲು ನೆನಪಾಯಿತು. ಅದರಲ್ಲೂ ಬಳೆ ತೊಟ್ಟ ಕೈ ಇರುತ್ತದೆ. ಆದರೆ ಅರ್ಥ ಬೇರೆ, ಕೇಳಿದರೆ ಎದೆ ಭಾರವಾಗುತ್ತದೆ. ಗಂಡ ಸತ್ತಾಗ ಅವನ ಚಿತೆಯಲ್ಲಿ ಸುಟ್ಟುಹೋದ ಹೆಂಗಸಿನ ನೆನಪು ಅದು. 1829ರಲ್ಲಿ ಬಂಗಾಳದಲ್ಲಿ ಆ ಪದ್ಧತಿಯನ್ನು ಕಾನೂನು ನಿಷೇಧಿಸಿತು. ಮಾರನೇ ವರ್ಷ ಮುಂಬೈ ಮತ್ತು ಮದ್ರಾಸು ಪ್ರಾಂತ್ಯಗಳಲ್ಲೂ ನಿಷೇಧವಾಯಿತು. ಕಲ್ಲಿನ ಮೇಲಿದೆ ಎಂದ ಮಾತ್ರಕ್ಕೆ ಅದೆಲ್ಲ ನಾವೂ ಮಾಡಬೇಕಾದ ಕೆಲಸ ಅಲ್ಲ ಎಂದು ಮೊಮ್ಮಗನಿಗೆ ಹೇಳಿದೆ. ಆ ಕಾಲದವರು ಹೇಗೆ ಬದುಕಿದರು, ಹೇಗೆ ಸತ್ತರು ಎಂಬುದನ್ನು ಕಲ್ಲು ಹೇಳುತ್ತದೆ. ನೀನೂ ಹಾಗೆ ಮಾಡು ಎಂದು ಹೇಳುವುದಿಲ್ಲ. ಕತ್ತಿಯ ಮಾತೂ ಅಷ್ಟೇ.

ಇಷ್ಟು ತಿಳಿದ ಮೇಲೆ ಮನೆಯಲ್ಲಿ ಕೂತಿರಲು ಮನಸ್ಸಾಗಲಿಲ್ಲ. ಮೊಮ್ಮಗನನ್ನು ಕರೆದುಕೊಂಡು ಕಾರವಾರಕ್ಕೆ ಸಾಹೇಬರ ಮನೆಗೆ ಹೋದೆ. ಬಾಗಿಲು ತೆರೆದವರು ಅವರೇ. ಕಾಲು ನೆಟ್ಟಗೇ ಇತ್ತು.

‘ಸಾಹೇಬರೇ, ವೋಚರ್ ನೋಡದೆ ಪಾಸು ಮಾಡಿದೆ. ತಪ್ಪಾಯ್ತು’ ಎಂದೆ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಫೋಟೋ ಹಾಕಿದವರ ಮೇಲೆ ನನಗೆ ಬೇಜಾರಿಲ್ಲ, ಲೆಡ್ಜರ್ ರಾಯರೇ. ಅವರು ಇವತ್ತು ಇದು ಹಾಕ್ತಾರೆ, ನಾಳೆ ಇನ್ನೊಂದು. ಕೆಳಗೆ ಹೆಬ್ಬೆಟ್ಟಿನ ಹತ್ತಿರ ನಿಮ್ಮ ಹೆಸರು ನೋಡಿದೆ. ಅದನ್ನು ನೋಡಿ ಫೋನು ಇಟ್ಟುಬಿಟ್ಟೆ’ ಎಂದರು. ನಾನು ಲೆಡ್ಜರ್ ಬರೆಯುತ್ತಿದ್ದೆನೆಂದು ಅವರು ನನ್ನನ್ನು ಕರೆಯುವುದೇ ಹಾಗೆ. ಅವರು ಹಾಗೆ ಕರೆದಾಗ ನನ್ನ ಜೀವ ಅರ್ಧ ಹಗುರಾಯಿತು.

ಒಳಗಿನಿಂದ ಚಹಾ ಬಂತು, ಮೊಮ್ಮಗನಿಗೆ ಶಂಕರಪೋಳಿ ಬಂತು. ನಾವು ಹುಡುಕಿದ್ದನ್ನೆಲ್ಲ ಅವನು ಒಂದೇ ಉಸಿರಿಗೆ ಹೇಳಿದ. ಸಾಹೇಬರು ನಕ್ಕರು. ‘ನಮ್ಮಲ್ಲಿ ಗೋರಿ ಸರಳವಾಗಿರಲಿ ಅನ್ನುತ್ತಾರೆ, ಮಗಾ. ಅದರ ಮೇಲೆ ಮನುಷ್ಯರ, ಪ್ರಾಣಿಗಳ ಚಿತ್ರ ಬೇಡ ಅನ್ನುತ್ತಾರೆ. ನಮ್ಮ ಅಪ್ಪನ ಗೋರಿಗೆ ಹೆಸರೂ ಇಲ್ಲ. ತಲೆ ಕಡೆ ಒಂದು ಕಲ್ಲು, ಕಾಲ ಕಡೆ ಒಂದು ಕಲ್ಲು. ಆ ಕಡೆಯವರು ಕುದುರೆ, ಕತ್ತಿ ಕೆತ್ತಿದ್ದು ಧರ್ಮ ಹೇಳಿತು ಅಂತ ಅಲ್ಲ. ಅವರ ಊರಿನ ರೂಢಿ ಅದು’ ಎಂದರು.

ಆ ಮಾತು ಸರಿ ಎಂದು ಆಮೇಲೆ ಓದಿದಾಗ ತಿಳಿಯಿತು. ಸಿಂಧ್‌ನ ಪಕ್ಕದಲ್ಲೇ ನಮ್ಮ ಗುಜರಾತಿನ ಕಚ್ಛ್ ಇದೆ. ಅಲ್ಲಿ ‘ಪಾಳಿಯಾ’ ಎಂಬ ವೀರಗಲ್ಲುಗಳಿವೆ, ಅವು ಹಿಂದೂಗಳವು. ಅವುಗಳ ಮೇಲೂ ಕುದುರೆ ಸವಾರ, ಕೈಯಲ್ಲಿ ಕತ್ತಿ ಅಥವಾ ಭರ್ಜಿ. ಪಾಳಿಯಾದ ಸವಾರನನ್ನೂ ಚೌಖಂಡಿಯ ಸವಾರನನ್ನೂ ಅಕ್ಕಪಕ್ಕ ಇಟ್ಟರೆ ಅಣ್ಣ-ತಮ್ಮಂದಿರ ಹಾಗೆ ಕಾಣುತ್ತಾರೆ. ಇನ್ನೂ ದೂರ ಹೋದರೆ ಇರಾನಿನ ಬಖ್ತಿಯಾರಿ ಜನ. ಅವರು ವೀರರ ಗೋರಿಯ ಮೇಲೆ ಕಲ್ಲಿನ ಸಿಂಹ ಇಡುತ್ತಿದ್ದರು, ಸಿಂಹದ ಪಕ್ಕೆಯ ಮೇಲೆ ಕತ್ತಿ ಕೆತ್ತುತ್ತಿದ್ದರು. ಅದೇ ಇರಾನಿನ ಹಳೆಯ ಗೋರಿಕಲ್ಲುಗಳ ಮೇಲೆ ಬಾಚಣಿಗೆ, ಕತ್ತರಿ, ಜಪಮಾಲೆಗಳೂ ಇವೆ. ಕತ್ತರಿಯ ಮಾತು ಕೇಳಿ ಸಾಹೇಬರು ಸುಮ್ಮನಾದರು. ಅವರ ತಂದೆ ದರ್ಜಿ. ನಮ್ಮೂರಿನ ಎಷ್ಟೋ ಮಕ್ಕಳ ಶಾಲೆಯ ಚಡ್ಡಿ ಹೊಲಿದವರು. ನನ್ನದೂ ಅವರೇ ಹೊಲಿದದ್ದು.

ಮುಂದಿನ ಶನಿವಾರ ಮೂವರೂ ಹಳೆ ಗೋವಾಕ್ಕೆ ಹೊರಟೆವು. ಮೊಮ್ಮಗನಿಗೆ ನಿಜವಾದ ವೀರಗಲ್ಲು ನೋಡಬೇಕಿತ್ತು, ಅದರಲ್ಲೂ ಹಡಗು ಇರುವಂಥದ್ದು. ಕಾಳಿ ನದಿ ದಾಟಿ, ಪೋಳೆಂ ಗಡಿ ದಾಟಿ, ಮಡಗಾಂವಿನಲ್ಲಿ ಬಸ್ಸು ಬದಲಿಸಿ ಹೋದೆವು. ಅಲ್ಲಿ ಸೇಂಟ್ ಫ್ರಾನ್ಸಿಸ್ ಆಫ್ ಅಸಿಸಿ ಚರ್ಚಿಗೆ ಹೊಂದಿಕೊಂಡ ಹಳೆಯ ಪಾದ್ರಿಗಳ ನಿವಾಸದಲ್ಲಿ 1964ರಿಂದ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯ ಇದೆ. ಗೋವಾ ಕದಂಬರ ಕಾಲದ ವೀರಗಲ್ಲುಗಳು ಅಲ್ಲಿವೆ. ಒಂದರ ಮೇಲೆ ಹಡಗು, ಹಡಗಿನಲ್ಲಿ ಯೋಧರು. ಕಡಲಿನ ಮೇಲೆ ಹೋರಾಡಿ ಸತ್ತವನ ಕಲ್ಲು ಅದು.

‘ಕದಂಬ ಅಂದ್ರೆ ನಮ್ಮ ಮನೆ ಹತ್ತಿರದ ನೌಕಾನೆಲೆಯ ಹೆಸರಲ್ವಾ?’ ಎಂದ ಮೊಮ್ಮಗ. ಹೌದು. ನಮ್ಮ ಚೆಂಡಿಯಾ, ಅರಗಾ, ಬಿಣಗಾ ಸುತ್ತಿನ ಜನ ಜಾಗ ಬಿಟ್ಟುಕೊಟ್ಟು ಆದ ಸೀಬರ್ಡ್ ಯೋಜನೆಯ ನೆಲೆಗೆ 2005ರಲ್ಲಿ ಐ.ಎನ್.ಎಸ್. ಕದಂಬ ಎಂದು ಹೆಸರಿಟ್ಟರು. ಆ ಹೆಸರಿನ ಹಿಂದೆ ಹಡಗು ಕೆತ್ತಿದ ಇಂಥ ಕಲ್ಲುಗಳೂ ಇವೆ ಎಂದು ನನಗೂ ಅವತ್ತೇ ಹೊಳೆದದ್ದು.

ಅಲ್ಲಿಂದ ಪಕ್ಕದ ಚರ್ಚಿನ ಒಳಗೆ ಹೋದೆವು. ಮೇಲೆ ನೋಡುತ್ತ ನಡೆಯುತ್ತಿದ್ದ ನನ್ನನ್ನು ಸಾಹೇಬರು ತೋಳು ಹಿಡಿದು ನಿಲ್ಲಿಸಿದರು. ‘ಕೆಳಗೆ ನೋಡಿ’ ಎಂದರು. ಚರ್ಚಿನ ನೆಲವೇ ಗೋರಿಕಲ್ಲುಗಳ ನೆಲ. ನೂರಾರು ವರ್ಷ ಹಿಂದಿನ ಪೋರ್ಚುಗೀಸರವು. ಕಲ್ಲುಗಳ ಮೇಲೆ ಅವರ ಮನೆತನದ ಲಾಂಛನ ಕೆತ್ತಿದೆ. ಲಾಂಛನದ ಆಕಾರ ನೋಡಿದರೆ ಗುರಾಣಿ! ಯುದ್ಧದಲ್ಲಿ ಯಾರು ಯಾರೆಂದು ಗುರುತು ಸಿಗಲಿ ಎಂದು ಗುರಾಣಿಯ ಮೇಲೆ ಗುರುತು ಬರೆಯುವ ರೂಢಿ ಯುರೋಪಿನಲ್ಲಿತ್ತು. ಅದೇ ಮುಂದೆ ಮನೆತನದ ಲಾಂಛನವಾಯಿತು.

ಒಂದು ಆವರಣದೊಳಗೆ ಎಷ್ಟು ಸಿಕ್ಕಿತು ನೋಡಿ. ಗೋಡೆಯ ಆ ಕಡೆ ಹಿಂದೂ ವೀರನ ಕಲ್ಲು, ಈ ಕಡೆ ಕ್ರಿಶ್ಚಿಯನ್ನರ ಗುರಾಣಿ, ನನ್ನ ಕಿಸೆಯ ಫೋನಿನಲ್ಲಿ ಮುಸ್ಲಿಂ ಸವಾರನ ಕತ್ತಿ. ಮೂವರೂ ಕಲ್ಲುಕುಟಿಗನ ಹತ್ತಿರ ಹೋಗಿ ಹೇಳಿದ್ದು ಒಂದೇ ಮಾತು: ‘ನಮ್ಮವನು ಸುಮ್ಮನೆ ಸಾಯಲಿಲ್ಲ, ಅವನ ಕೈಯಲ್ಲಿ ಏನಿತ್ತೋ ಅದನ್ನು ಬರೆ.’

ಸಾಹೇಬರು ಗೋರಿಕಲ್ಲುಗಳನ್ನು ತುಳಿಯದೆ, ಅಂಚು ನೋಡಿಕೊಂಡು ಅಡ್ಡಡ್ಡ ಹೆಜ್ಜೆ ಇಡುತ್ತ ಹೋದರು. ಎಪ್ಪತ್ತೈದು ದಾಟಿದ ಕಾಲು ಅದು. ‘ಎಲ್ಲರೂ ತುಳೀತಾರಲ್ಲ ಸಾಹೇಬಜ್ಜ?’ ಎಂದ ಮೊಮ್ಮಗ. ‘ತುಳಿಯಲಿ. ಇಲ್ಲಿ ಯಾರದೋ ಅಪ್ಪ ಮಲಗಿದ್ದಾನೆ’ ಎಂದರು. ಮೊಮ್ಮಗನೂ ಅವರ ಹಿಂದೆ ಹಾಗೆಯೇ ಹೋದ. ಕೊನೆಗೆ ನಾನೂ.

ವಾಪಸು ಬರುವಾಗ ಬಸ್ಸಿನಲ್ಲಿ ಸಾಹೇಬರು ಒಂದು ಹೊಸ ಸಂಗತಿ ಹೇಳಿದರು. ನಮ್ಮ ದೇಶದ ಹಳೆಯ ಮುಸ್ಲಿಂ ಗೋರಿಗಳಲ್ಲಿ ಗಂಡಸಿನದಕ್ಕೆ ಕತ್ತಿಗಿಂತ ಹೆಚ್ಚಾಗಿ ಕಾಣುವ ಗುರುತು ‘ಕಲಮ್‌ದಾನ್’, ಎಂದರೆ ಲೇಖನಿಯ ಪೆಟ್ಟಿಗೆ. ಹೆಂಗಸಿನದಕ್ಕೆ ಬರೆಯುವ ಹಲಗೆ, ನಮ್ಮ ಪಾಟಿಯ ಹಾಗೆ. ತಾಜ್‌ಮಹಲಿನಲ್ಲಿ 1666ರಲ್ಲಿ ತೀರಿಕೊಂಡ ಶಹಜಹಾನನ ಗೋರಿಯ ಮೇಲೆ ಲೇಖನಿಯ ಪೆಟ್ಟಿಗೆ ಇದೆ, 1631ರಲ್ಲಿ ತೀರಿಕೊಂಡ ಮುಮ್ತಾಜಳ ಗೋರಿಯ ಮೇಲೆ ಹಲಗೆ ಇದೆ. ಅಷ್ಟು ದೊಡ್ಡ ಸೈನ್ಯ ಇಟ್ಟುಕೊಂಡಿದ್ದ ಬಾದಶಹನ ಗೋರಿಯ ಮೇಲೆ ಪೆನ್ನಿನ ಡಬ್ಬಿ!

‘ಹಾಗಾದ್ರೆ ನಿಮ್ಮಿಬ್ಬರ ಕಲ್ಲಿನ ಮೇಲೆ ಏನು ಕೆತ್ತಬೇಕು?’ ಎಂದು ಮೊಮ್ಮಗ ಕೇಳಿದ. ಮಕ್ಕಳಿಗೆ ಇಂಥದ್ದನ್ನು ಕೇಳಲು ಹೆದರಿಕೆಯಿಲ್ಲ.

‘ನನಗೆ ನೋಟು ಎಣಿಸುವಾಗ ಬೆರಳು ಒದ್ದೆ ಮಾಡಿಕೊಳ್ಳುವ ಸ್ಪಂಜಿನ ಡಬ್ಬಿ’ ಎಂದರು ಸಾಹೇಬರು.

‘ನನಗೆ ಲೆಡ್ಜರ್, ಪೆನ್ನು’ ಎಂದೆ.

ಮೊಮ್ಮಗ ಯೋಚಿಸಿದ. ‘ಇಲ್ಲ ಅಜ್ಜ, ಪೆನ್ನು ಬಿಟ್ಟು ಹದಿನೈದು ವರ್ಷ ಆಯ್ತಲ್ಲ. ನಿಮಗೆ ಹೆಬ್ಬೆಟ್ಟು ಕೆತ್ತಬೇಕು.’

ಸಾಹೇಬರು ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ ನಕ್ಕರು. ನನಗೂ ನಗು ಬಂತು. ಆದರೆ ಮನೆಗೆ ಬಂದ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ. ರಾತ್ರಿ ಊಟವಾದ ಮೇಲೆ ಕನ್ನಡಕ ಹಾಕಿಕೊಂಡು ಕೂತು, ಆ ಗುಂಪಿನಲ್ಲಿ ಒತ್ತಿದ್ದ ಹೆಬ್ಬೆಟ್ಟನ್ನು ತೆಗೆದೆ. ಚೌಖಂಡಿಯ ಬಳೆಯ ಗೋರಿ, ಗೋವಾದ ಹಡಗಿನ ಕಲ್ಲು, ಚರ್ಚಿನ ನೆಲದ ಗುರಾಣಿ, ಮೂರರ ಫೋಟೋ ಹಾಕಿದೆ. ಇವು ಯಾವ ಊರಿನವು, ಯಾವ ಕಾಲದವು ಎಂದು ಬರೆದೆ. ನಾನು ಓದದೆ ಒತ್ತಿದ್ದೆ, ತಪ್ಪು ನನ್ನದು ಎಂದೂ ಬರೆದೆ. ಇಬ್ಬರು ಗುಂಪು ಬಿಟ್ಟು ಹೋದರು. ಏಳು ಜನ ‘ಬಳೆಯ ಗೋರಿ ಎಲ್ಲಿದೆ’ ಎಂದು ಕೇಳಿದರು. ಈಗ ಭಾನುವಾರ ಸಂಜೆ ಕಡಲತೀರದಲ್ಲಿ ಮತ್ತೆ ನಾವಿಬ್ಬರೂ ಇರುತ್ತೇವೆ.

ಮಕ್ಕಳೇ, ಈ ವಾರದ ಕೆಲಸ ನಿಮಗೆ. ನಿಮ್ಮ ಊರಿನ ದೇವಸ್ಥಾನದ ಹಿಂದೆ, ಕೆರೆಯ ಏರಿಯ ಮೇಲೆ, ಗದ್ದೆಯ ಬದುವಿನಲ್ಲಿ, ಖಬರಸ್ತಾನದಲ್ಲಿ, ಇಗರ್ಜಿಯಲ್ಲಿ ಕೆತ್ತಿದ ಕಲ್ಲು ಇದೆಯೇ ನೋಡಿ. ಅಜ್ಜ-ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಹೋಗಿ. ಅಲ್ಲಿಯವರನ್ನು ಕೇಳಿಯೇ ಒಳಗೆ ಹೋಗಿ. ಕಲ್ಲನ್ನು ಸೀಮೆಸುಣ್ಣದಿಂದ ಗೀಚಬೇಡಿ, ಕೆರೆಯಬೇಡಿ, ಜಾಗದಿಂದ ಕದಲಿಸಬೇಡಿ. ಅದರ ಮೇಲೆ ಕೂರಬೇಡಿ. ಕಲ್ಲಿನಲ್ಲಿರುವವನ ಅಥವಾ ಇರುವವಳ ಕೈಯಲ್ಲಿ ಏನಿದೆ ಎಂದು ನೋಡಿ ಬರೆದುಕೊಳ್ಳಿ. ಕತ್ತಿಯೋ, ಬಿಲ್ಲೋ, ಬಳೆಯೋ, ಲೇಖನಿಯೋ. ಆ ಕಲ್ಲಿನ ಬಗ್ಗೆ ಊರಿನ ಹಿರಿಯರು ಏನು ಹೇಳುತ್ತಾರೆ ಎಂದು ಕೇಳಿ, ಅದನ್ನೂ ಬರೆಯಿರಿ. ಒಂದು ಪುಟ ಸಾಕು. ಈ ಪತ್ರಿಕೆಯ ವಿಳಾಸಕ್ಕೆ ಕಳಿಸಿದರೆ ನಾನು ಕೂತು ಓದುತ್ತೇನೆ.

ಅಜ್ಜ-ಅಜ್ಜಿಯರೇ, ನಿಮಗೂ ಒಂದು ಕೆಲಸವಿದೆ. ಬೆಳಿಗ್ಗೆ ಫೋನು ಹಿಡಿಯುವ ಮೊದಲು ಕನ್ನಡಕ ಹಾಕಿಕೊಳ್ಳಿ.